ಬಾಬಾಯಿಯ ಗಿಟಾರಿಗೆ ಯಾವ ಪಾಲಿಶ್?

ಮೊದಲೇ ಹೇಳಿಬಿಡುತ್ತೇವೆ, ತಪ್ಪು ನಮ್ಮದೇ. ಬೇರೆಯವರ ವಸ್ತುವನ್ನು ಅವರನ್ನು ಕೇಳದೆ ಸ್ವಚ್ಛ ಮಾಡಲು ಹೋಗಿ ಹಾಳು ಮಾಡಿದೆವು. ಸರಿ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕಟ್ಟಿಗೆ, ಎಣ್ಣೆ, ಅರಗು, ವಾರ್ನಿಶ್ ಬಗ್ಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಗಿಟಾರ್ ಇಲ್ಲದೇ ಇರಬಹುದು. ಹಾರ್ಮೋನಿಯಂ, ತಂಬೂರಿ, ಅಜ್ಜನ ಕುರ್ಚಿ, ಬಾಗಿಲ ಚೌಕಟ್ಟು ಯಾವುದಾದರೂ ಇದ್ದೇ ಇರುತ್ತದೆ. ಅದಕ್ಕೂ ಈ ಮಾತು ಹೊಂದುತ್ತದೆ.

ನಮ್ಮೂರು ಶ್ರೀರಾಮನಗರ. ಗಂಗಾವತಿಯಿಂದ ಕಾರಟಗಿ ಕಡೆ ಹೋಗುವಾಗ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ನೆಲೆಸಿದ ಕ್ಯಾಂಪುಗಳ ಸೀಮೆ ಇದು. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಜಗಳದಲ್ಲಿ ಎರಡೂ. ಸುತ್ತ ಭತ್ತದ ಗದ್ದೆ, ನಡುನಡುವೆ ರೈಸ್ ಮಿಲ್ಲು. ಒಗೆದ ಬಟ್ಟೆ ಹೊರಗೆ ಹಾಕಿದರೆ ಸಂಜೆಯೊಳಗೆ ಹೊಟ್ಟಿನ ಬೂದಿ ಕೂತಿರುತ್ತದೆ. ಈ ಬೂದಿಯ ಮಾತು ಮುಂದೆ ಮತ್ತೆ ಬರುತ್ತದೆ.

ನಾವು ಮೂವರು ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ರಕ್ತಸಂಬಂಧ ಇಲ್ಲ, ಆದರೂ ನಾವು ಕರೆಯುವುದು ಬಾಬಾಯಿ ಎಂದೇ. ತೆಲುಗಿನಲ್ಲಿ ಚಿಕ್ಕಪ್ಪ ಎಂದರ್ಥ. ಹರೆಯದಲ್ಲಿ ಅವರು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಮದುವೆ, ಜಾತ್ರೆ ಅಂತ ಗಂಗಾವತಿ, ಸಿಂಧನೂರು, ಮಾನ್ವಿ ಸುತ್ತಿದವರು. ಆ ಕಾಲದ ಗಿಟಾರ್ ಈಗ ಇಲ್ಲ. ಹದಿನೈದು ವರ್ಷದ ಹಿಂದೆ ಅಮೆರಿಕದಲ್ಲಿರುವ ಮಗ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದುಕೊಟ್ಟಿದ್ದ. ಅದರ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ಮೇಪಲ್ ಮರದ್ದು. ಬೆರಳು ಒತ್ತುವ ಹಲಗೆಯೂ ಅದೇ ಮರದ್ದು. ಜೇನಿನ ಬಣ್ಣ.

ಸಕ್ಕರೆ ಕಾಯಿಲೆಯಿಂದ ಬಾಬಾಯಿಯ ಕಣ್ಣು ಮಂಜಾಗುತ್ತ ಬಂದಿತ್ತು. ಕಳೆದ ಸೆಪ್ಟೆಂಬರಿನಲ್ಲಿ ಕಣ್ಣಿನ ಚಿಕಿತ್ಸೆಗೆಂದು ಹೈದರಾಬಾದಿನ ಮಗಳ ಮನೆಗೆ ಹೊರಟರು. ಹೋಗುವಾಗ ಗಿಟಾರನ್ನು ನಮ್ಮ ಕೈಗಿಟ್ಟರು. "ಮೂಲ್ಯಾಗ ಇಟ್ರ ಹಾಳಾಗತೈತಿ. ದಿನಾ ಒಂದೀಟು ಬಾರಿಸ್ರಿ. ಸಂಕ್ರಾಂತಿಗೆ ಬರ್ತೀನಿ" ಅಂದರು.

ನೆಕ್ ಕೊಳೆಯಾಗಿತ್ತು. ಬೆರಳು ಒತ್ತುವ ಜಾಗದಲ್ಲಿ ಕಪ್ಪು ಕಲೆ, ಹಿಂದೆ ಹೆಬ್ಬೆರಳು ಕೂರುವ ಕಡೆ ಬಣ್ಣ ಹೋಗಿ ಬರಿ ಕಟ್ಟಿಗೆ ಕಾಣುತ್ತಿತ್ತು. ಅವರು ಬರುವಷ್ಟರಲ್ಲಿ ಹೊಸದರಂತೆ ಮಾಡಿ ಕೊಡೋಣ, ಖುಷಿಪಡುತ್ತಾರೆ ಅಂದುಕೊಂಡೆವು. ಗೇಟಿಗೆ ಬಣ್ಣ ಹಚ್ಚಿ ಉಳಿದ ಥಿನ್ನರ್ ಮನೆಯಲ್ಲಿತ್ತು. ಬಟ್ಟೆಗೆ ಹಾಕಿ ಒರೆಸಿದೆವು.

ಕೊಳೆ ಹೋಯಿತು. ಅದರ ಜೊತೆ ಜೇನಿನ ಬಣ್ಣವೂ ಕರಗಿ ಬಟ್ಟೆಗೆ ಅಂಟಿಕೊಂಡು ಬಂತು. ಹಲಗೆಯ ಮೇಲೆ ಮೂರನೇ ಪಟ್ಟಿಯಿಂದ ಒಂಬತ್ತನೇ ಪಟ್ಟಿಯವರೆಗೆ ಮೇಲ್ಪದರ ಸುಕ್ಕಾಗಿ, ಅಂಟಂಟಾಗಿ ನಿಂತಿತು. ಗಾಬರಿಯಲ್ಲಿ ಪಾಲಿಶ್ ಪೇಪರ್ ತಂದು ಉಜ್ಜಿದೆವು. ಹಿಂಭಾಗವನ್ನೂ ಸಮ ಕಾಣಲಿ ಅಂತ ಪೂರ್ತಿ ಉಜ್ಜಿದೆವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕೈಯಲ್ಲಿ ಬಿಳಿಚಿಕೊಂಡ ಕಟ್ಟಿಗೆ ಉಳಿದಿತ್ತು.

ಆಮೇಲೆ ಓದಲು ಕುಳಿತೆವು. ಮೊದಲೇ ಓದಬೇಕಿತ್ತು.

ಮೇಪಲ್ ನಮ್ಮ ಸೀಮೆಯ ಮರವಲ್ಲ. ಕೆನಡಾ ದೇಶದ ಧ್ವಜದಲ್ಲಿ ಕೆಂಪು ಎಲೆ ಇದೆಯಲ್ಲ, ಅದು ಈ ಮರದ ಎಲೆ. ಕಟ್ಟಿಗೆ ಗಟ್ಟಿ, ತೂಕದ್ದು, ಬಣ್ಣ ತಿಳಿ. ಗಟ್ಟಿ ಅಂದಮಾತ್ರಕ್ಕೆ ಬೆವರು ಒಳಗೆ ಇಳಿಯುವುದಿಲ್ಲ ಅಂತಲ್ಲ. ಬರಿದೇ ಬಿಟ್ಟರೆ ಕೈಯ ಜಿಡ್ಡು, ಧೂಳು ಸೇರಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಮೇಪಲ್ ಹಲಗೆಗೆ ಯಾವುದಾದರೊಂದು ಲೇಪ ಇದ್ದೇ ಇರುತ್ತದೆ. ನಮ್ಮ ಮಲೆನಾಡಿನ ಬೀಟೆ ಮರ ಹಾಗಲ್ಲ. ಅದರಲ್ಲೇ ಎಣ್ಣೆಯ ಅಂಶ ಇದೆ, ಬಣ್ಣವೂ ಗಾಢ. ಬೀಟೆಯ ಹಲಗೆಯನ್ನು ಗಿಟಾರ್ ಮಾಡುವವರು ಸಾಮಾನ್ಯವಾಗಿ ಬರಿದೇ ಬಿಡುತ್ತಾರೆ.

1950ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬಾತ ಎಲೆಕ್ಟ್ರಿಕ್ ಗಿಟಾರ್ ಮಾರಲು ಶುರುಮಾಡಿದ. ನೆಕ್ಕು, ಹಲಗೆ ಎರಡನ್ನೂ ಒಂದೇ ಮೇಪಲ್ ತುಂಡಿನಿಂದ ಮಾಡಿ, ಮೇಲೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆಯುತ್ತಿದ್ದರು. ಹೆಸರು ಉದ್ದ ಇದೆ, ವಸ್ತು ದೂರದ್ದಲ್ಲ. ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ, ದ್ರಾವಕದಲ್ಲಿ ಕರಗಿಸಿದರೆ ಸಿಗುವ ಲೇಪ. 1920ರ ದಶಕದಲ್ಲಿ ಕಾರುಗಳಿಗೆ ಇದನ್ನೇ ಹೊಡೆಯುತ್ತಿದ್ದರು. ಬೇಗ ಒಣಗುತ್ತದೆ, ತೆಳ್ಳಗೆ ಕೂರುತ್ತದೆ, ವರ್ಷ ಕಳೆದಂತೆ ಹಳದಿಯಾಗುತ್ತದೆ, ಕೈ ಆಡಿದಲ್ಲಿ ಸವೆಯುತ್ತದೆ. ಥಿನ್ನರ್ ಸೋಕಿದರೆ ಎಷ್ಟು ವರ್ಷದ ಮೇಲಾದರೂ ಮತ್ತೆ ಕರಗುತ್ತದೆ. ನಮ್ಮ ಕೈಯಲ್ಲಿ ಆದದ್ದೂ ಅದೇ. ಮೇಲಿದ್ದದ್ದು ಪಾಲಿಯುರೆಥೇನ್ ಆಗಿದ್ದರೆ ಆ ಥಿನ್ನರಿಗೆ ಹಾಗೆ ಕರಗಿ ಬರುತ್ತಿರಲಿಲ್ಲ. ಬಟ್ಟೆಗೆ ಅಂಟಿದ ಬಣ್ಣವೇ ನಮಗೆ ಲೇಪದ ಗುರುತು ಹೇಳಿತು. ಒಂದು ಮೂಲೆಯಲ್ಲಿ ಹನಿ ಹಾಕಿ ನೋಡಿ ತಿಳಿಯಬೇಕಾದದ್ದನ್ನು ಪೂರ್ತಿ ಒರೆಸಿ ತಿಳಿದುಕೊಂಡೆವು.

ಬರಿ ಕಟ್ಟಿಗೆಯನ್ನು ಹಾಗೇ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಸೆಪ್ಟೆಂಬರ್ ಅಂದರೆ ನಮ್ಮಲ್ಲಿ ಗದ್ದೆ ತುಂಬ ನೀರು, ಗಾಳಿ ತುಂಬ ತೇವ. ಕಟ್ಟಿಗೆ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಲೇಪ ಇದ್ದರೆ ಈ ಏರಿಳಿತ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನೆಕ್ ಒಳಗೆ ಬಾಗು ತಿದ್ದಲು ಒಂದು ಕಬ್ಬಿಣದ ಸರಳು ಇರುತ್ತದೆ ನಿಜ. ಅದನ್ನು ತಿರುವಿ ಮತ್ತೊಂದು ಅನಾಹುತ ಮಾಡುವ ಧೈರ್ಯ ನಮಗಿರಲಿಲ್ಲ. ತಂತಿ ಬಿಚ್ಚಿ, ನೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಊರೂರು ಕೇಳುತ್ತ ಹೊರಟೆವು.

ಮೊದಲು ನಮ್ಮೂರ ಬಡಿಗೇರ ಕಾಕಾ. ನೆಕ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. "ಸಲಿಕಿ ಕಾವಿಗೆ ಯಾರರ ಪಾಲಿಶ್ ಹಚ್ತಾರೇನು? ಕೈಯಾಗ ಆಡೋ ಕಟ್ಟಿಗಿಗೆ ಕೈನೇ ಪಾಲಿಶ್. ಹಂಗ ಬಿಡ್ರಿ" ಅಂದರು. ಅವರ ಮಾತು ಸುಳ್ಳಲ್ಲ. ಜಾಲಿ ಕಟ್ಟಿಗೆಯ ಕಾವು ಹತ್ತು ವರ್ಷ ಕೈಯಲ್ಲಿ ಆಡಿದರೆ ಕನ್ನಡಿಯಂತಾಗುತ್ತದೆ. ಗಿಟಾರ್ ಲೋಕದಲ್ಲೂ ಇದೇ ಮಾತು ಹೇಳುವವರಿದ್ದಾರೆ. ಎಡ್ಡಿ ವ್ಯಾನ್ ಹೇಲನ್ ಎಂಬ ದೊಡ್ಡ ಗಿಟಾರ್ ವಾದಕ ಬರಿ ಮೇಪಲ್ ನೆಕ್ಕನ್ನೇ ಇಷ್ಟಪಡುತ್ತಿದ್ದ. ಬೆವರಿದ ಹೆಬ್ಬೆರಳು ಅಂಟದೆ ಸರಾಗ ಜಾರುತ್ತದೆ ಎಂಬುದು ಬರಿ ಕಟ್ಟಿಗೆಯ ಗುಣ. ಆದರೆ ಜಾಲಿ ಬೇರೆ, ಮೇಪಲ್ ಬೇರೆ. ಸಲಿಕೆ ಕಪ್ಪಾದರೆ ಯಾರೂ ಬೇಸರಪಡುವುದಿಲ್ಲ. ಗಿಟಾರ್ ನಮ್ಮದೂ ಅಲ್ಲ.

ಎರಡನೆಯವರು ಗಂಗಾವತಿಯಲ್ಲಿ ಹಳೇ ಮಂಚ, ಟೇಬಲ್ಲಿಗೆ ಪಾಲಿಶ್ ಮಾಡುವ ಚಾಚಾ. "ಅರಗು ಹಚ್ರಿ, ಅದರಂಥ ಹೊಳಪು ಯಾವುದಕ್ಕೂ ಬರಂಗಿಲ್ಲ" ಅಂದರು. ಅರಗು ಅಂದರೆ ನಿಮಗೆ ಗೊತ್ತು, ಪಾಂಡವರ ಅರಗಿನ ಮನೆಯ ಅರಗು, ಪಾರ್ಸೆಲ್ಲಿಗೆ ಮುದ್ರೆ ಒತ್ತುವ ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಟೊಂಗೆಯ ಮೇಲೆ ಒಂದು ಸಣ್ಣ ಕೀಟ ಕಟ್ಟುವ ಗೂಡಿನ ಅಂಟು ಅದು. ಸೋಸಿ ಹಾಳೆ ಮಾಡಿ ಸ್ಪಿರಿಟ್‌ನಲ್ಲಿ ನೆನೆಸಿದರೆ ಪಾಲಿಶ್ ಆಗುತ್ತದೆ. ಹಿಂದಿನ ಗ್ರಾಮಫೋನ್ ತಟ್ಟೆಗಳನ್ನು ಇದೇ ಅರಗು ಸೇರಿಸಿ ಮಾಡುತ್ತಿದ್ದರು. ಚನ್ನಪಟ್ಟಣದ ಗೊಂಬೆಗೂ ಅರಗೇ. ಅಲ್ಲಿ ಸ್ಪಿರಿಟ್ ಬಳಸುವುದಿಲ್ಲ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಕಟ್ಟಿಗೆಗೆ ಹಿಡಿಯುತ್ತದೆ. ಆಮೇಲೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ದುಂಡಗೆ ತಿರುಗುವ ವಸ್ತುವಿಗೆ ಅದು ಸರಿ. ಗಿಟಾರಿನ ನೆಕ್ ಲೇತಿಗೆ ಕೂರುವುದಿಲ್ಲ.

ಮೂರನೆಯದು ನಮ್ಮ ಜಿಲ್ಲೆಯದೇ ಆದ ಕಿನ್ನಾಳ. ಕೊಪ್ಪಳ ಜಿಲ್ಲೆಯವರಾಗಿ ಕಿನ್ನಾಳವನ್ನು ಕೇಳದೆ ಇದ್ದರೆ ಹೇಗೆ? ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯ ಮೇಲೆ ಕೆಲಸ ಮಾಡುತ್ತಾರೆ. ಗೋಣಿ ನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಕಿಟ್ಟ ತಯಾರಿಸುತ್ತಾರೆ. ಗೊಂಬೆಯ ಮೈಗೆಲ್ಲ ಕಿಟ್ಟ ಬಳಿದು, ಅದರ ಮೇಲೆ ಹತ್ತಿಯ ಬಟ್ಟೆಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಗರುಡ, ಕಾಮಧೇನು, ಗೌರಮ್ಮ ಎಲ್ಲ ಹೀಗೇ ಹುಟ್ಟುತ್ತವೆ. ನಮ್ಮ ನೆಕ್ ನೋಡಿದ ಚಿತ್ರಗಾರ ಅಣ್ಣ ಒಂದು ಮಾತು ಹೇಳಿದರು. "ನಮ್ಮ ಗೊಂಬಿ ಜಗಲಿ ಮ್ಯಾಲ ಕುಂದರತಾವ. ಜನ ಕೈ ಮುಗೀತಾರ, ದಿನಾ ಕೈಯಾಗ ಹಿಡಿಯಂಗಿಲ್ಲ. ನಿಮ್ದು ಬೆವರಿನ ಕಟ್ಟಿಗಿ. ಏನ್ ಹಚ್ಚಬೇಕು ಅಂತ ಕಟ್ಟಿಗಿ ಕೇಳಬ್ಯಾಡ್ರಿ, ಯಾರು ಹಿಡೀತಾರ ಅಂತ ಕೇಳ್ರಿ."

ಆ ಮಾತು ನಮಗೆ ಅವತ್ತೇ ಅರ್ಥವಾಗಬೇಕಿತ್ತು. ಆಗಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮರುದಿನ ಮತ್ತೆ ಕಟ್ಟಿಗೆಯನ್ನೇ ಕೇಳಲು ಕುಳಿತೆವು.

ಅಂದರೆ ಪರೀಕ್ಷೆ ಮಾಡಿದೆವು. ಈ ತರಹದ ಗಿಟಾರಿನಲ್ಲಿ ನೆಕ್ಕಿನ ಬುಡ ನಾಲ್ಕು ಸ್ಕ್ರೂಗಳಿಂದ ಬಾಡಿಗೆ ಕೂತಿರುತ್ತದೆ. ಬಿಚ್ಚಿದರೆ ಬುಡದ ಅಡಿಯಲ್ಲಿ ಅಂಗೈಯ ಅರ್ಧದಷ್ಟು ಜಾಗ ಸಿಗುತ್ತದೆ. ಮತ್ತೆ ಕೂರಿಸಿದರೆ ಯಾರಿಗೂ ಕಾಣದ ಜಾಗ. ಪೆನ್ಸಿಲ್ಲಿನಿಂದ ನಾಲ್ಕು ಚೌಕ ಹಾಕಿದೆವು. ಒಂದು ಬರಿ, ಒಂದಕ್ಕೆ ಅರಗು, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಲ್ಯಾಕರ್. ಒಣಗಲು ಬಿಟ್ಟು, ಆಮೇಲೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯ ಚೂರನ್ನು ಒಂದು ರಾತ್ರಿ ಇಟ್ಟೆವು. ಬೆವರಿಗೆ ಹತ್ತಿರದ್ದು ಉಪ್ಪುನೀರು ತಾನೆ?

ಬರಿ ಚೌಕ ನೀರು ಕುಡಿದು ನಾರು ಎಬ್ಬಿಸಿತು. ದಿನಾ ಹೆಬ್ಬೆರಳಿಂದ ತಿಕ್ಕಿದೆವು, ವಾರದಲ್ಲಿ ಬೂದು ಬಣ್ಣ ಶುರುವಾಯಿತು.

ಅರಗಿನ ಚೌಕ ನೋಡಲು ಎಲ್ಲಕ್ಕಿಂತ ಚೆಂದ ಇತ್ತು. ಬೆಳಿಗ್ಗೆ ಬಟ್ಟೆ ತೆಗೆದರೆ ಅಡಿಯಲ್ಲಿ ಬಿಳಿ ಮಚ್ಚೆ. ಅರಗಿಗೆ ನೀರು, ಬೆವರು ಆಗುವುದಿಲ್ಲ. ಪೂಜೆಗೆ ಇಟ್ಟ ಮಣೆ, ಗೋಡೆಗೆ ತೂಗುಹಾಕಿದ ಚೌಕಟ್ಟಿಗೆ ಸರಿ. ಮೇ ತಿಂಗಳಲ್ಲಿ ಗಂಗಾವತಿಯಲ್ಲಿ ಗಿಟಾರ್ ಹಿಡಿಯುವ ಕೈಗೆ ಅಲ್ಲ.

ಅಗಸೆ ಎಣ್ಣೆಯಲ್ಲಿ ನಾವು ಮತ್ತೊಂದು ಪಾಠ ಕಲಿತೆವು. ಎಲ್ಲ ಎಣ್ಣೆಯೂ ಒಣಗುವುದಿಲ್ಲ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಕಟ್ಟಿಗೆಗೆ ಹಚ್ಚಿದರೆ ವರ್ಷ ಕಳೆದರೂ ಜಿಡ್ಡು ಜಿಡ್ಡೇ, ಮೇಲೆ ಧೂಳು ಕೂರುತ್ತದೆ. ನಮ್ಮ ಮಿಲ್ಲುಗಳ ತೌಡಿನಿಂದ ತೆಗೆಯುವ ಎಣ್ಣೆಯೂ ಈ ಕೆಲಸಕ್ಕೆ ಬಾರದು. ಕುಸುಬೆ ಎಣ್ಣೆ ಸ್ವಲ್ಪ ಒಣಗುತ್ತದೆ. ಕುಸುಬೆ ಎಣ್ಣೆಯ ಹಳೇ ಡಬ್ಬಿಯ ಬಾಯಿಗೆ ಗೋಂದಿನಂಥ ಪೊರೆ ಕಟ್ಟಿರುವುದನ್ನು ನೀವು ನೋಡಿರಬಹುದು. ಗಾಳಿಯಲ್ಲಿನ ಆಮ್ಲಜನಕ ಹೀರಿ ಎಣ್ಣೆ ಗಟ್ಟಿಯಾಗುವುದು ಹಾಗೆ. ಈ ಗುಣ ಚೆನ್ನಾಗಿರುವುದು ಅಗಸೆಯಲ್ಲಿ. ನಾವು ಗಾಣದಿಂದ ಹಸಿ ಅಗಸೆ ಎಣ್ಣೆ ತಂದು ಹಚ್ಚಿದೆವು. ಹನ್ನೆರಡು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಬಣ್ಣದ ಅಂಗಡಿಯಲ್ಲಿ 'ಬಾಯಿಲ್ಡ್' ಅಂತ ಮಾರುವ ಅಗಸೆ ಎಣ್ಣೆ ಬೇರೆ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ, ಒಂದೆರಡು ದಿನದಲ್ಲಿ ಒಣಗುತ್ತದೆ. ಅದನ್ನು ಅಡುಗೆಗೆ ಮುಟ್ಟಿಸಬಾರದು.

ಇಲ್ಲಿ ಒಂದು ಎಚ್ಚರಿಕೆ, ಇಡೀ ಬರಹ ಮರೆತರೂ ಇದನ್ನು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಹೊರಹೋಗದೆ, ಕಡ್ಡಿ ಗೀರದೆಯೇ ಬಟ್ಟೆಗೆ ಬೆಂಕಿ ಹತ್ತಬಹುದು. ಹುಲ್ಲಿನ ಬಣವೆ, ಹೊಟ್ಟಿನ ರಾಶಿ ಇರುವ ನಮ್ಮಂಥ ಊರಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ ಇಡಿ, ಇಲ್ಲವೇ ಬಯಲಲ್ಲಿ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ, ಆಮೇಲೆ ಎಸೆಯಿರಿ.

ನಾಲ್ಕನೇ ಚೌಕ ಲ್ಯಾಕರಿನದು. ಇದು ಅಮೆರಿಕದಿಂದ ತರಿಸಬೇಕಾದ ವಸ್ತು ಅಂದುಕೊಂಡಿದ್ದೆವು. ಗಂಗಾವತಿಯ ಪೇಂಟ್ ಅಂಗಡಿಯಲ್ಲಿ 'ಎನ್‌ಸಿ ಕ್ಲಿಯರ್' ಅಂತ ಕೇಳಿದರೆ ಕೊಟ್ಟರು. ಫರ್ನಿಚರ್‌ಗೆ ಹೊಡೆಯುವುದು ಅದನ್ನೇ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ಉಪ್ಪುನೀರಿಗೆ ಅದು ಅಲುಗಲಿಲ್ಲ. ಉಗುರು ಒತ್ತಿ ಗೀರಿದರೆ ಮಾತ್ರ ಗೆರೆ ಬಿತ್ತು.

ಪಾಲಿಯುರೆಥೇನ್, ಅಂಗಡಿಯವರ ಬಾಯಲ್ಲಿ ಪಿಯು, ಇದಕ್ಕಿಂತ ಗಟ್ಟಿ. ಈಗಿನ ಬಹುತೇಕ ಕಾರ್ಖಾನೆ ಗಿಟಾರುಗಳಿಗೆ ಪಿಯು ಅಥವಾ ಅದರ ಜಾತಿಯ ಪಾಲಿಯೆಸ್ಟರ್ ಲೇಪ ಇರುತ್ತದೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯುನಲ್ಲಿ ಗಟ್ಟಿ ಮಾಡುವ ದ್ರವದ ಹಬೆ ಉಸಿರಿಗೆ ಕೆಟ್ಟದ್ದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹೊಡೆಯುವುದಲ್ಲ, ಅದಕ್ಕೆಂದೇ ಇರುವ ಮಾಸ್ಕ್ ಬೇಕು. ಇನ್ನೊಂದು ತೊಂದರೆ ಎಂದರೆ, ಗಟ್ಟಿಯಾದ ಪಿಯು ಮೇಲೆ ಮತ್ತೆ ಹೊಡೆದರೆ ಹೊಸ ಪದರ ಹಳೆಯದರೊಳಗೆ ಕರಗಿ ಸೇರುವುದಿಲ್ಲ. ನಮ್ಮ ನೆಕ್ಕಿನಲ್ಲಿ ಒಂಬತ್ತನೇ ಪಟ್ಟಿಯ ಆಚೆ, ಮತ್ತು ತುದಿಯ ತಲೆಭಾಗದಲ್ಲಿ ಹಳೇ ಲ್ಯಾಕರ್ ಹಾಗೇ ಉಳಿದಿತ್ತು. ಪಿಯು ಹೊಡೆಯಬೇಕೆಂದರೆ ಅದನ್ನೂ ಉಜ್ಜಿ ತೆಗೆಯಬೇಕಿತ್ತು. ಉಜ್ಜುವುದು ಸಾಕಾಗಿತ್ತು. ಎನ್‌ಸಿ ಆದರೆ ಹೊಸ ಪದರ ಹಳೇ ಪದರವನ್ನು ಕೊಂಚ ಕರಗಿಸಿ ಅದರ ಜೊತೆ ಒಂದಾಗುತ್ತದೆ. ಥಿನ್ನರಿಗೆ ಕರಗಿದ ಅದೇ ಗುಣ ಈಗ ರಿಪೇರಿಗೆ ಒದಗಿತು.

ಹೀಗೆ ನವೆಂಬರಿನ ಕೊನೆಗೆ ಲ್ಯಾಕರ್ ಅಂತ ತೀರ್ಮಾನವಾಯಿತು. ಬುಡದ ಚೌಕಗಳನ್ನು ಉಜ್ಜಿ ಬರಿ ಮಾಡಿದೆವು. ಬಡಿಗೇರ ಕಾಕಾ, ಪಾಲಿಶ್ ಚಾಚಾ, ಚಿತ್ರಗಾರ ಅಣ್ಣ, ಪೇಂಟ್ ಅಂಗಡಿಯವರು, ಎಲ್ಲರನ್ನೂ ಕೇಳಿ ಆಗಿತ್ತು. ಅವತ್ತು ರಾತ್ರಿ ನಮ್ಮಲ್ಲೊಬ್ಬ ಅಂದ: "ಬಾಬಾಯಿನ್ನ ಕೇಳಿಲ್ಲಲೇ."

ಪತ್ರಿಕೋದ್ಯಮದ ಮೊದಲ ಪಾಠವೇ ಅದು. ಸುದ್ದಿ ಯಾರ ಮನೆಯದೋ ಅವರನ್ನು ಮೊದಲು ಕೇಳು. ಎರಡೂವರೆ ತಿಂಗಳು ನಾವು ಊರೆಲ್ಲ ಕೇಳಿ ಅವರೊಬ್ಬರನ್ನು ಬಿಟ್ಟಿದ್ದೆವು. ಮರೆತಿದ್ದೆವು ಅಂದರೆ ಸುಳ್ಳಾಗುತ್ತದೆ. ಹೆದರಿದ್ದೆವು. ವಾರಕ್ಕೊಮ್ಮೆ ಫೋನ್ ಮಾಡಿ ಕಣ್ಣು ಹೇಗಿದೆ ಅಂತ ಕೇಳುತ್ತಿದ್ದೆವು. ಅವರು "ಬಾರಿಸ್ತೀರಿಲ್ಲ?" ಅಂದರೆ "ಹೂಂ ಬಾಬಾಯಿ" ಅನ್ನುತ್ತಿದ್ದೆವು.

ಮರುದಿನ ಫೋನ್ ಮಾಡಿ ಎಲ್ಲ ಹೇಳಿದೆವು. ಥಿನ್ನರ್, ಪಾಲಿಶ್ ಪೇಪರ್, ಎಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬೈಯುತ್ತಾರೆ ಅಂತ ಕಾದೆವು.

"ಹಿಂದಗಡೇನೂ ಉಜ್ಜಿದ್ರ?" ಅಂದರು.

"ಹೂಂ ಬಾಬಾಯಿ. ಪೂರ್ತಿ."

"ಐದನೇ ಪಟ್ಟಿ ಹಿಂದ ಒಂದು ತಗ್ಗು ಇತ್ತಲ್ಲ, ಬಣ್ಣ ಹೋಗಿದ್ದು?"

"ಅದನ್ನ ಸಮ ಮಾಡೀವಿ."

ಮತ್ತೆ ಮಾತಿಲ್ಲ. ಆಮೇಲೆ ಅವರು ಹೇಳಿದ್ದನ್ನು ನಾವು ಯಾವತ್ತೂ ಊಹಿಸಿರಲಿಲ್ಲ. ಅವರಿಗೆ ಹಲಗೆಯ ಮೇಲಿನ ಚುಕ್ಕೆಗಳು ಕಾಣದೆ ಎರಡು ವರ್ಷವಾಗಿತ್ತಂತೆ. ಕೈ ಎಲ್ಲಿದೆ ಅಂತ ಗೊತ್ತಾಗುತ್ತಿದ್ದದ್ದು ಆ ಸವೆದ ಜಾಗದಿಂದ. ಲ್ಯಾಕರಿನ ನುಣುಪು ಮುಗಿದು ಬರಿ ಕಟ್ಟಿಗೆ ಹೆಬ್ಬೆರಳಿಗೆ ಸಿಕ್ಕಿತು ಅಂದರೆ ಐದನೇ ಪಟ್ಟಿ. ಅಲ್ಲಿಂದ ಮೇಲೆ ಎಷ್ಟು, ಕೆಳಗೆ ಎಷ್ಟು ಅಂತ ಲೆಕ್ಕ. ನಾವು ಕೊಳೆ, ಸವೆತ ಅಂತ ಕಂಡದ್ದು ಅವರಿಗೆ ದಾರಿಯ ಕಲ್ಲಾಗಿತ್ತು. ಕಣ್ಣಿನ ವಿಷಯ ಮನೆಯವರಿಗೂ ಪೂರ್ತಿ ಹೇಳಿರಲಿಲ್ಲವಂತೆ.

ಚಿಕಿತ್ಸೆಯ ಬಗ್ಗೆ ಕೇಳಿದೆವು. "ಇದ್ದದ್ದು ಉಳೀತೈತಿ ಅಂದಾರ. ಹೋಗಿದ್ದು ಬರಂಗಿಲ್ಲ" ಅಂದರು.

ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಕೊನೆಗೆ ಅವರೇ ದಾರಿ ಹೇಳಿದರು. "ಆದದ್ದು ಆತು. ನಿಮ್ಮ ಲ್ಯಾಕರ್ ಹೊಡೀರಿ. ಐದನೇ ಪಟ್ಟಿ ಹಿಂದ ಹೆಬ್ಬೆಟ್ಟಿನಷ್ಟು ಜಾಗ ಬಿಡ್ರಿ. ಅಲ್ಲಿ ಏನೂ ಹೊಡೀಬ್ಯಾಡ್ರಿ."

ಡಿಸೆಂಬರ್ ಮೊದಲ ವಾರ ನೆಕ್ಕನ್ನು ಗಂಗಾವತಿಗೆ ಒಯ್ದೆವು. ಫರ್ನಿಚರಿಗೆ ಸ್ಪ್ರೇ ಹೊಡೆಯುವ ಹುಡುಗನೊಬ್ಬ ಒಪ್ಪಿದ. ಮಳೆಗಾಲದಲ್ಲೇ ಹೊಡೆಯದೆ ಕಾದದ್ದು ಒಳ್ಳೆಯದಾಯಿತು ಅಂದ. ತೇವದ ಗಾಳಿಯಲ್ಲಿ ಲ್ಯಾಕರ್ ಹೊಡೆದರೆ ದ್ರಾವಕ ಬೇಗ ಆರುತ್ತ ಮೇಲ್ಮೈ ತಣ್ಣಗಾಗುತ್ತದೆ, ಅಲ್ಲಿ ತೇವ ಕೂತು ಪದರ ಬೆಳ್ಳಗಾಗುತ್ತದೆ. ಕೊಯ್ಲಿನ ಕಾಲವಾದ್ದರಿಂದ ಗಾಳಿ ಒಣಗಿತ್ತು, ಧೂಳು ಮಾತ್ರ ವಿಪರೀತ. ಕಿಟಕಿ ಮುಚ್ಚಿ, ಪ್ರತಿ ಪದರಕ್ಕೂ ಮೊದಲು ಬಟ್ಟೆಯಿಂದ ಒರೆಸಿ ಹೊಡೆದ. ಆದರೂ ಒಂದೆರಡು ಕಡೆ ಮಿಲ್ಲಿನ ಬೂದಿಯ ಕಣ ಕೂತುಬಿಟ್ಟವು. ನಮ್ಮೂರ ಗುರುತು ಅಂತ ಬಿಟ್ಟೆವು.

ಐದನೇ ಪಟ್ಟಿಯ ಹಿಂದೆ ಹೆಬ್ಬೆರಳಿನಷ್ಟು ಅಗಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿದ್ದೆವು. "ಇದು ಬಿಟ್ಟರೆ ಕಲೆಯಂಗ ಕಾಣತೈತಿ ಅಣ್ಣಾ" ಅಂದ ಹುಡುಗ. ಕಾಣಲಿ ಅಂದೆವು. ಮೊದಲು ಎರಡು ಪದರ ಸೀಲರ್, ಒಣಗಿದ ಮೇಲೆ 320 ನಂಬರಿನ ಪೇಪರ್, ಆಮೇಲೆ ತೆಳ್ಳಗೆ ಐದು ಪದರ ಕ್ಲಿಯರ್. ಲೋಹದ ಪಟ್ಟಿಗಳ ಮೇಲೆ ಬಿದ್ದ ಲ್ಯಾಕರನ್ನು ಆಮೇಲೆ ಕೆರೆದು ತೆಗೆದೆವು. ಹೊಸದು ಬೆಳ್ಳಗೆ, ಹಳೆಯದು ಜೇನಿನ ಬಣ್ಣ. ಹುಡುಗ ಒಂದು ಹನಿ ಬಣ್ಣ ಬೆರೆಸಿ ಹೊಂದಿಸುತ್ತೇನೆ ಅಂದ. ಬೇಡ ಅಂದೆವು. ಮಾಡಿದ ತಪ್ಪು ಎಲ್ಲಿಂದ ಎಲ್ಲಿಯವರೆಗೆ ಅಂತ ಗೊತ್ತಾಗಲಿ.

ಮೂರು ವಾರ ಮುಟ್ಟದೆ ತೂಗುಹಾಕಿದೆವು. ಲ್ಯಾಕರ್ ಗಂಟೆಯೊಳಗೆ ಮುಟ್ಟಿದರೆ ಅಂಟದಷ್ಟು ಒಣಗುತ್ತದೆ, ಒಳಗಿನ ದ್ರಾವಕ ಪೂರ್ತಿ ಹೋಗಲು ವಾರಗಳೇ ಬೇಕು. ಟೇಪ್ ತೆಗೆದಾಗ ಬರಿ ಕಟ್ಟಿಗೆಯ ಸುತ್ತ ಸಣ್ಣ ಅಂಚು ನಿಂತಿತ್ತು. ಉಗುರಿಗೆ ಸಿಗದಂತೆ ಅಂಚನ್ನು ನವಿರಾಗಿ ಉಜ್ಜಿದೆವು. ಬರಿ ಜಾಗಕ್ಕೆ ಬಾಯಿಲ್ಡ್ ಅಗಸೆ ಎಣ್ಣೆ ಎರಡು ಸಲ ಹಚ್ಚಿ, ಹೆಚ್ಚಾದದ್ದನ್ನು ಪೂರ್ತಿ ಒರೆಸಿದೆವು. ಬೆವರು ಒಳಗೆ ಇಳಿಯುವುದು ತಡವಾಗುತ್ತದೆ, ಕೈಗೆ ಮಾತ್ರ ಕಟ್ಟಿಗೆಯಾಗೇ ಸಿಗುತ್ತದೆ. ಒರೆಸಿದ ಬಟ್ಟೆ ಬಕೆಟ್ ನೀರಿಗೆ ಹೋಯಿತು.

ಬಾಬಾಯಿ ಸಂಕ್ರಾಂತಿಗೆ ಎರಡು ದಿನ ಮುಂಚೆ ಬಂದರು. ಸಂಜೆ ಗಿಟಾರ್ ಒಯ್ದು ಕೊಟ್ಟೆವು. ನೋಡಲು ಹೋಗಲಿಲ್ಲ, ಮೂಗಿಗೆ ಹಿಡಿದರು. "ಇನ್ನೂ ಥಿನ್ನರ್ ವಾಸನಿ ಐತಿ" ಅಂದರು. ಆಮೇಲೆ ನೆಕ್ಕಿನ ಹಿಂದೆ ಹೆಬ್ಬೆರಳು ಜಾರಿಸಿದರು. ಮೇಲಿನಿಂದ ಕೆಳಗೆ ಬಂದು ಐದನೇ ಪಟ್ಟಿಯಲ್ಲಿ ಬೆರಳು ನಿಂತಿತು. ಮತ್ತೆ ಮೇಲೆ ಹೋಗಿ ಮತ್ತೆ ಬಂದರು. ಮತ್ತೆ ಅಲ್ಲೇ ನಿಂತಿತು.

"ಒಂದೀಟು ಮ್ಯಾಲಾತು. ಮೊದಲಿಂದು ಸ್ವಲ್ಪ ಕೆಳಗಿತ್ತು" ಅಂದರು. ಸರಿ ಮಾಡಿಕೊಡುತ್ತೇವೆ ಅಂದೆವು. "ಬ್ಯಾಡ, ಇನ್ನ ಮುಟ್ಟಬ್ಯಾಡ್ರಿ. ನನ್ನ ಕೈ ಹೊಂದಿಕೊಳ್ತೈತಿ" ಅಂದರು. ನಮಗೆ ಬೈದದ್ದು ಅಷ್ಟೇ. ಉಳಿದ ಭಾಗದ ಹೊಳಪಿಗೆ ಬೆವರಿದ ಬೆರಳು ಅಂಟುತ್ತದೆ ಅಂತ ಒಂದು ವಾರ ಬಾರಿಸಿ ನೋಡಿ ಹೇಳಿದರು. ಹಿಂಭಾಗವನ್ನು ನುಣ್ಣನೆಯ ಸ್ಟೀಲ್ ನಾರಿನಿಂದ ಹಗುರವಾಗಿ ತಿಕ್ಕಿ ಹೊಳಪು ಕಡಿಮೆ ಮಾಡಿಕೊಟ್ಟೆವು. ಈ ಸಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕು ಸಲ ತಿಕ್ಕಿ ಒಮ್ಮೆ ಕೈಗೆ ಕೊಡುತ್ತ, ಅವರು ಸಾಕು ಅಂದಲ್ಲಿಗೆ ನಿಲ್ಲಿಸಿದೆವು.

ಯಾವ ಪಾಲಿಶ್ ಒಳ್ಳೆಯದು ಅಂತ ಈಗ ಯಾರಾದರೂ ಕೇಳಿದರೆ ನಾವು ಎರಡು ಪ್ರಶ್ನೆ ತಿರುಗಿ ಕೇಳುತ್ತೇವೆ. ಮೇಲೆ ಈಗ ಏನಿದೆ? ಯಾರು ಹಿಡಿಯುತ್ತಾರೆ? ಮೊದಲನೆಯದಕ್ಕೆ ಕಾಣದ ಮೂಲೆಯಲ್ಲಿ ಒಂದು ಹನಿ ಥಿನ್ನರ್ ಹಾಕಿದರೆ ಅರ್ಧ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಫೋನ್ ಮಾಡಬೇಕು.

ಓಣಿಯಲ್ಲಿ ಕರೆಂಟ್ ಹೋದ ರಾತ್ರಿ ಬಾಬಾಯಿ ಕಟ್ಟೆಯ ಮೇಲೆ ಕೂತು ಬಾರಿಸುತ್ತಾರೆ. ಆಂಪ್ಲಿಫಯರ್ ಇಲ್ಲದ ಎಲೆಕ್ಟ್ರಿಕ್ ಗಿಟಾರಿನ ದನಿ ಸಣ್ಣದು, ಹತ್ತಿರ ಹೋದರೆ ಮಾತ್ರ ಕೇಳುತ್ತದೆ. ಈಗ ನಾವು ಹತ್ತಿರ ಹೋಗಿ ಕೂರುತ್ತೇವೆ.